ಹೊಲಿಗೆ ಯಂತ್ರದ ಸ್ಟ್ಯಾಂಡಿನಿಂದ ಕಾಲ್ತುಳಿತದ ಲೇತ್: ನನ್ನ ಅನುಭವ

ದಾವಣಗೆರೆಯ ಟೈಲರ್ ಅಂಗಡಿಗಳಲ್ಲಿ ಈಗ ಬಹಳ ಮಂದಿ ಹೊಲಿಗೆ ಯಂತ್ರಕ್ಕೆ ಸಣ್ಣ ಮೋಟಾರ್ ಕೂರಿಸಿಕೊಂಡಿದ್ದಾರೆ. ದಿನವಿಡೀ ತುಳಿಯುವ ಕಾಲಿಗೆ ಬಿಡುವು ಸಿಕ್ಕಿತು, ಕೆಲಸವೂ ಬೇಗ ಆಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಬೀಡಿನ (ಎರಕದ ಕಬ್ಬಿಣದ) ಹಳೇ ಸ್ಟ್ಯಾಂಡು, ಪೆಡಲು, ದೊಡ್ಡ ಚಕ್ರ ಎಲ್ಲ ಗುಜರಿಗೆ ಹೋಗುತ್ತಿವೆ. ಅಂಥದ್ದೊಂದನ್ನು ತೂಕದ ಲೆಕ್ಕದಲ್ಲಿ ತಂದು, ಮರದ ತುಂಡನ್ನು ತಿರುಗಿಸುತ್ತಾ ಉಳಿಯಿಂದ ಕಡೆಯುವ ಲೇತ್ ಮಾಡಿಕೊಂಡಿದ್ದೇನೆ. ಲಟ್ಟಣಿಗೆ, ಬುಗುರಿ, ಉಳಿಯ ಹಿಡಿ, ತೊಟ್ಟಿಲ ಕಂಬಿ ಎಲ್ಲ ಇದರಲ್ಲೇ ಕಡೆಯುತ್ತೇನೆ. ಹೇಗೆ ಮಾಡಿದೆ ಎಂದು ಕೇಳುವವರು ಹೆಚ್ಚಾಗಿರುವುದರಿಂದ ಬರೆಯುತ್ತಿದ್ದೇನೆ.

ಕಾಲಿನಿಂದ ನಡೆಯುವ ಲೇತುಗಳಲ್ಲಿ ಹಳೆಯ ಬಗೆ ಗಳುವಿನದು. ಮೇಲೆ ಬಾಗುವ ಗಳು, ಕೆಳಗೆ ಪೆಡಲು, ಎರಡಕ್ಕೂ ಕಟ್ಟಿದ ಹಗ್ಗ ನಡುವೆ ಮರದ ತುಂಡಿಗೆ ಒಂದೆರಡು ಸುತ್ತು. ತುಳಿದರೆ ಮರ ಒಂದು ದಿಕ್ಕಿಗೆ, ಬಿಟ್ಟರೆ ಹಿಂದಕ್ಕೆ, ಥೇಟ್ ಕಡಗೋಲಿನ ಹಾಗೆ. ಉಳಿ ಕತ್ತರಿಸುವುದು ತುಳಿದಾಗ ಮಾತ್ರ. ಅರ್ಧ ಹೊತ್ತು ಉಳಿಯನ್ನು ಹಿಂದಕ್ಕೆ ಎಳೆದುಕೊಂಡು ಕಾಯಬೇಕು. ಇದನ್ನು ತಪ್ಪಿಸಿದ್ದು ಕ್ರ್ಯಾಂಕ್ (ಪೆಡಲಿನ ಏರಿಳಿತವನ್ನು ಸುತ್ತಾಟವಾಗಿಸುವ ತೋಳು) ಮತ್ತು ಭಾರದ ಚಕ್ರ. 15ನೇ ಶತಮಾನದ ಕೊನೆಯ ಹೊತ್ತಿಗೆ ಲಿಯೊನಾರ್ಡೊ ಡ ವಿಂಚಿ ಬರೆದ ಲೇತಿನ ಚಿತ್ರದಲ್ಲಿ ಪೆಡಲು, ಕ್ರ್ಯಾಂಕು, ಚಕ್ರ ಮೂರೂ ಇವೆ. 1851ರಲ್ಲಿ ಪೇಟೆಂಟ್ ಆದ ಸಿಂಗರ್ ಹೊಲಿಗೆ ಯಂತ್ರದ ಮುಂದಿನ ಮಾದರಿಗಳಿಂದ ಹಿಡಿದು ನಮ್ಮ ಉಷಾವರೆಗೆ ಎಲ್ಲದರ ಹೊಟ್ಟೆಯಲ್ಲೂ ಇರುವುದು ಅದೇ ಜೋಡಣೆ.

ಹೊಲಿಗೆ ಸ್ಟ್ಯಾಂಡಿನ ಪೆಡಲು ನಡುಮಧ್ಯದಲ್ಲಿ ತಿರುಗುಣಿ ಇರುವ ಸನ್ನೆ. ಕೂತವರು ಒಮ್ಮೆ ಬೆರಳ ಕಡೆಯಿಂದ, ಒಮ್ಮೆ ಹಿಮ್ಮಡಿಯಿಂದ ಒತ್ತುತ್ತಾರೆ, ಹಾಗಾಗಿ ಏರುವಾಗಲೂ ಇಳಿಯುವಾಗಲೂ ಚಕ್ರಕ್ಕೆ ಬಲ ಸಿಗುತ್ತದೆ. ಲೇತಿಗೆ ನಿಂತು ಕೆಲಸ ಮಾಡಬೇಕು, ಅಲ್ಲಿ ಹಿಮ್ಮಡಿಯ ಒತ್ತು ಆಗುವುದಿಲ್ಲ. ಅದಕ್ಕೆ ಆ ಪೆಡಲನ್ನು ತೆಗೆದು ಜಾಲಿ ಮರದ ಉದ್ದನೆಯ ಹಲಗೆ ಹಾಕಿದೆ. ಹಲಗೆಯ ಹಿಂದಿನ ತುದಿ ಸ್ಟ್ಯಾಂಡಿನ ಹಿಂಗಾಲಿಗೆ ಕೀಲು. ಕೀಲಿನಿಂದ 12 ಇಂಚಿಗೆ ಹಲಗೆಯನ್ನು ಕ್ರ್ಯಾಂಕಿಗೆ ಜೋಡಿಸುವ ಸರಳು, 24 ಇಂಚಿಗೆ ನನ್ನ ಪಾದ. ಕ್ರ್ಯಾಂಕಿನ ತೋಳು ಒಂದೂಕಾಲು ಇಂಚು, ಎಂದರೆ ಸರಳು ಎರಡೂವರೆ ಇಂಚು ಮೇಲೆ ಕೆಳಗೆ ಆಡುತ್ತದೆ, ಪಾದ 5 ಇಂಚು. ಪಾದದಲ್ಲಿ 10 ಕಿಲೋ ಒತ್ತಿದರೆ ಸರಳಿಗೆ 20 ಕಿಲೋ ತಲುಪುತ್ತದೆ. ಪಾದದ ಆಟ 6 ಇಂಚು ದಾಟಿದರೆ ಮಂಡಿ ಎತ್ತಿ ಎತ್ತಿ ಸೊಂಟ ನೋಯುತ್ತದೆ. 4 ಇಂಚಿಗಿಂತ ಕಡಿಮೆಯಾದರೆ ಒತ್ತು ಹೆಚ್ಚು ಬೇಕು, ಮೀನಖಂಡ ಹಿಡಿದುಕೊಳ್ಳುತ್ತದೆ.

ಇಲ್ಲೊಂದು ಲೆಕ್ಕ ಹೇಳಲೇಬೇಕು. 10 ಕಿಲೋ ಒತ್ತು, 5 ಇಂಚು ಇಳಿತ, ನಿಮಿಷಕ್ಕೆ 90 ತುಳಿತ ಎಂದಿಟ್ಟುಕೊಂಡರೆ ಸಿಗುವ ಶಕ್ತಿ ಸುಮಾರು 19 ವ್ಯಾಟ್. ಜೋರಾಗಿ ತುಳಿದರೆ ಅದರ ಎರಡರಷ್ಟು, ಅದೂ ಸ್ವಲ್ಪ ಹೊತ್ತು. ಅರ್ಧ ಎಚ್.ಪಿ. ಮೋಟಾರಿನದು 373 ವ್ಯಾಟ್. ಈ ಅಂತರ ತಲೆಯಲ್ಲಿದ್ದರೆ ಉಳಿದ ಎಲ್ಲ ತೀರ್ಮಾನಗಳೂ ತಾವಾಗಿಯೇ ಬರುತ್ತವೆ. ಇರುವ 19 ವ್ಯಾಟಿನಲ್ಲಿ ಒಂದೂ ಪೋಲಾಗಬಾರದು. ಹೊಸ ಬೇರಿಂಗಿನ ರಬ್ಬರ್ ಸೀಲು ಹಿಡಿಯುವ ಬಿಗಿತ ಮೋಟಾರಿಗೆ ಲೆಕ್ಕಕ್ಕಿಲ್ಲ, ಕಾಲಿಗೆ ತಕ್ಷಣ ಗೊತ್ತಾಗುತ್ತದೆ. ನಾನು 20 ಎಂ.ಎಂ. ಶಾಫ್ಟಿಗೆ ಎರಡು ಯುಸಿಪಿ 204 ಬೇರಿಂಗ್ ಹಾಕಿ, ಸೀಲು ಬಿಚ್ಚಿ, ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ತೆಳು ಎಣ್ಣೆ ಬಿಡುತ್ತೇನೆ. ಒಳಗೆ ಧೂಳು ಹೋಗುತ್ತದೆ ಎಂಬುದು ನಿಜ. ಅದಕ್ಕೆ ಹಳೇ ಕಂಬಳಿಯ ತುಂಡನ್ನು ಸುತ್ತಲೂ ಕಟ್ಟಿದ್ದೇನೆ. ಹೊಲಿಗೆ ಯಂತ್ರದ ಎಣ್ಣೆಯೇ ಒಳ್ಳೆಯದು. ಕೊಬ್ಬರಿ ಎಣ್ಣೆ, ಹರಳೆಣ್ಣೆ ಬಿಟ್ಟರೆ ಕೆಲವು ತಿಂಗಳಲ್ಲಿ ಅಂಟಾಗಿ ಕೂರುತ್ತದೆ.

ಈ ಯಂತ್ರದ ಜೀವ ಇರುವುದು ಚಕ್ರದಲ್ಲಿ. ಹೊಲಿಗೆ ಯಂತ್ರದ ಚಕ್ರ ಸೂಜಿ ಚುಚ್ಚುವುದಕ್ಕೆ ಸಾಕು, ಹೊನ್ನೆ ಮರದ ಮೇಲೆ ಉಳಿ ಇಟ್ಟ ಕೂಡಲೇ ನಿಂತುಬಿಡುತ್ತದೆ. ಕಾಟನ್ ಮಿಲ್ಲುಗಳಿದ್ದ ಊರು ನಮ್ಮದು, ಗುಜರಿಯಲ್ಲಿ ಹುಡುಕಿದರೆ ಹಳೇ ಬೀಡಿನ ಪುಲ್ಲಿ ಸಿಗುತ್ತದೆ. ನಾನು ಆರಿಸಿದ್ದು 40 ಸೆಂ.ಮೀ. ಅಗಲದ್ದು. ಅದರ ಅಂಚಿನಲ್ಲೇ ಸುಮಾರು 8 ಕಿಲೋ ಇದೆ. ಭಾರ ಅಂಚಿನಲ್ಲಿರಬೇಕು, ನಡುವಿನಲ್ಲಿದ್ದರೆ ಪ್ರಯೋಜನವಿಲ್ಲ. ಅಷ್ಟೇ ಭಾರವನ್ನು ಎರಡರಷ್ಟು ದೂರಕ್ಕೆ ಒಯ್ದರೆ ಚಕ್ರ ಹಿಡಿದಿಟ್ಟುಕೊಳ್ಳುವ ಶಕ್ತಿ ನಾಲ್ಕರಷ್ಟಾಗುತ್ತದೆ, ವೇಗ ಎರಡರಷ್ಟಾದರೆ ಆಗಲೂ ನಾಲ್ಕರಷ್ಟು. ನನ್ನ ಚಕ್ರ ನಿಮಿಷಕ್ಕೆ 90 ಸುತ್ತು ತಿರುಗುವಾಗ ಅದರೊಳಗೆ ಇರುವುದು ಒಂದು ತುಳಿತಕ್ಕಿಂತ ತುಸು ಹೆಚ್ಚಿನ ಶಕ್ತಿ. ಪಾದ ಮೇಲೇರುವಾಗ ಉಳಿಯನ್ನು ನಡೆಸುವುದು ಆ ಉಳಿತಾಯವೇ. ಇನ್ನೂ ಭಾರದ ಚಕ್ರ ಹಾಕಬಹುದು, ಆದರೆ ಎಬ್ಬಿಸುವುದು ಕಷ್ಟ, ಬೇಕೆಂದಾಗ ನಿಲ್ಲಿಸುವುದು ಇನ್ನೂ ಕಷ್ಟ.

ಕ್ರ್ಯಾಂಕು ಮತ್ತು ಸರಳು ಒಂದೇ ಗೆರೆಗೆ ಬಂದು ನಿಂತರೆ ಎಷ್ಟು ತುಳಿದರೂ ಚಕ್ರ ಅಲ್ಲಾಡುವುದಿಲ್ಲ. ಟೈಲರ್‌ಗಳು ಕೈಚಕ್ರವನ್ನು ತಮ್ಮ ಕಡೆಗೆ ಒಮ್ಮೆ ತಿರುಗಿಸಿ ಶುರು ಮಾಡುವುದು ಇದಕ್ಕೇ. ಲೇತಿನಲ್ಲಿ ಎರಡೂ ಕೈ ಉಳಿಯ ಮೇಲಿರುತ್ತವೆ, ಪ್ರತಿ ಸಲ ಕೈ ಬಿಡುವುದು ರೇಜಿಗೆ. ಅದಕ್ಕೆ ಕ್ರ್ಯಾಂಕಿನ ಎದುರು ಬದಿಯ ಅಂಚಿಗೆ ಕಬ್ಬಿಣದ ತುಂಡೊಂದನ್ನು ಬೋಲ್ಟ್ ಮಾಡಿದ್ದೇನೆ. ಹಲಗೆ ಮತ್ತು ಸರಳಿನ ಭಾರ ಕ್ರ್ಯಾಂಕನ್ನು ಕೆಳಕ್ಕೆ ಎಳೆಯುತ್ತದೆ, ಈ ತುಂಡು ಅದಕ್ಕಿಂತ ತುಸು ಹೆಚ್ಚು ಎಳೆದು ಕ್ರ್ಯಾಂಕನ್ನು ಮೇಲಕ್ಕೆ ತರುತ್ತದೆ. ಜಾಗವನ್ನು ಸರಿಸಿ ಸರಿಸಿ ನೋಡಿ, ಚಕ್ರ ತಾನಾಗಿ ನಿಂತಾಗ ಕ್ರ್ಯಾಂಕು ನೆತ್ತಿಯನ್ನು ಸ್ವಲ್ಪ ದಾಟಿ ನಿಲ್ಲುವಂತೆ ಹೊಂದಿಸಿದೆ. ಈಗ ಪಾದ ಇಟ್ಟರೆ ಸಾಕು, ಸರಿಯಾದ ದಿಕ್ಕಿಗೇ ಹೊರಡುತ್ತದೆ. ಇಡೀ ಯಂತ್ರದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಕೆಲಸ ಇದು.

ಬೆಲ್ಟಿನ ಮಾತು ಚಿಕ್ಕದು. ಚಕ್ರ 40, ಮರವನ್ನು ತಿರುಗಿಸುವ ಮೇಲಿನ ಪುಲ್ಲಿ 8 ಸೆಂ.ಮೀ., ಹಾಗಾಗಿ ನನ್ನ 90 ತುಳಿತಕ್ಕೆ ಮರ 450 ಸುತ್ತು. ಚರ್ಮದ ದುಂಡು ಬೆಲ್ಟನ್ನು ಇಂಗ್ಲಿಷಿನ 8ರ ಆಕಾರಕ್ಕೆ ಅಡ್ಡಹಾಯಿಸಿ ಹಾಕಿದರೆ ಸಣ್ಣ ಪುಲ್ಲಿಯನ್ನು ಹೆಚ್ಚು ಸುತ್ತಿಕೊಂಡು ಜಾರುವುದು ಕಡಿಮೆ, ದಿಕ್ಕು ಮಾತ್ರ ತಿರುವುಮುರುವಾಗುತ್ತದೆ ಎಂಬುದು ನೆನಪಿರಲಿ. ಮಳೆಗಾಲದ ತೇವಕ್ಕೆ ಚರ್ಮ ಹಿಗ್ಗುತ್ತದೆ, ಆಗ ಅರ್ಧ ಇಂಚು ಕತ್ತರಿಸಿ ಮತ್ತೆ ಕ್ಲಿಪ್ ಹಾಕಬೇಕು. ಚಕ್ರಕ್ಕೂ ಬೆಲ್ಟಿಗೂ ಜಾಲರಿ ಮರೆ ಮಾಡಿಸಿ. ಪಂಚೆಯ ಅಂಚು, ಸೀರೆ ಸೆರಗು, ಮಕ್ಕಳ ಬೆರಳು ಯಾವುದೂ ಅಲ್ಲಿಗೆ ಹೋಗಕೂಡದು.

ತುಳಿಯುವುದನ್ನು ನಾನು ಕಲಿತದ್ದು ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಕಾರರ ಕಾಲು ನೋಡಿ. ಗುಂಡಿ ಮಗ್ಗದಲ್ಲಿ ಅವರು ನೆಲಮಟ್ಟದಲ್ಲಿ ಕೂತು ಕಾಲನ್ನು ಗುಂಡಿಗೆ ಇಳಿಬಿಟ್ಟಿರುತ್ತಾರೆ. ಅಲ್ಲಿ ಪೆಡಲು ಏನನ್ನೂ ತಿರುಗಿಸುವುದಿಲ್ಲ. ಹಾಸಿನ, ಎಂದರೆ ಉದ್ದಕ್ಕೆ ಕಟ್ಟಿದ, ಕೆಲವು ಎಳೆಗಳನ್ನು ಇಳಿಸಿ ಕೆಲವನ್ನು ಎತ್ತಿ ಲಾಳಿಗೆ ದಾರಿ ಬಿಡಿಸುತ್ತದೆ ಅಷ್ಟೇ. ಕೆಲಸ ಬೇರೆಯಾದರೂ ಕಾಲಿನ ನಡೆ ಅದೇ: ಪಾದ ಪೆಡಲನ್ನು ಬಿಟ್ಟು ಏಳುವುದಿಲ್ಲ, ಒದೆತವಿಲ್ಲ, ಕಣ್ಣು ಒಮ್ಮೆಯೂ ಕೆಳಗೆ ಹೋಗುವುದಿಲ್ಲ. ಲೇತಿನಲ್ಲೂ ಇಳಿಯುವ ಹೊತ್ತಿನಲ್ಲಿ ಮೆಲ್ಲಗೆ ಭಾರ ಬಿಟ್ಟು, ಏರುವಾಗ ಪಾದವನ್ನು ಸುಮ್ಮನೆ ಅದರೊಂದಿಗೆ ಕಳಿಸಬೇಕು. ಏರುವ ಪೆಡಲಿನ ಮೇಲೆ ಭಾರ ಉಳಿದರೆ ನಮ್ಮ ಚಕ್ರಕ್ಕೆ ನಾವೇ ಬ್ರೇಕ್ ಹಾಕಿದಂತೆ. ಒಂದೇ ಕಾಲಿನಲ್ಲಿ ಹಟ ಹಿಡಿಯದೆ ಆಗಾಗ ಕಾಲು ಬದಲಿಸಿ. ಸೊಂಟಕ್ಕೆ ಆನಿಕೊಳ್ಳಲು ಹಿಂದೊಂದು ಅಡ್ಡಪಟ್ಟಿ ಇದ್ದರೆ ನಿಂತ ಕಾಲಿಗೆ ಎಷ್ಟೋ ಆರಾಮ.

ಕಡಿಮೆ ಶಕ್ತಿ ಇರುವುದರಿಂದ ಉಳಿ ಕ್ಷೌರದ ಕತ್ತಿಯಷ್ಟು ಹರಿತ ಇರಲೇಬೇಕು. ಮೊಂಡು ಉಳಿಯನ್ನು ಮೋಟಾರ್ ಹೇಗೋ ಎಳೆದುಕೊಂಡು ಹೋಗುತ್ತದೆ, ಕಾಲು ಒಪ್ಪುವುದಿಲ್ಲ. ಹಾಲೆ ಮರ ಬೆಣ್ಣೆಯಂತೆ ಬರುತ್ತದೆ, ಕಲಿಯುವವರಿಗೆ ಅದೇ ಸರಿ. ಹಸಿ ಬೇವೂ ಸುಲಭ. ಒಣಗಿದ ಜಾಲಿ ಬೇಡ. ಮೂರು ಇಂಚಿಗಿಂತ ದಪ್ಪದ ತುಂಡನ್ನು ನಾನು ಮೊದಲು ಬಾಚಿಯಿಂದ ಕೆತ್ತಿ ಹೆಚ್ಚುಕಡಿಮೆ ದುಂಡಗೆ ಮಾಡಿಕೊಂಡೇ ಲೇತಿಗೆ ಏರಿಸುವುದು. ದೊಡ್ಡ ಬಟ್ಟಲುಗಳಿಗೆ ಮೋಟಾರೇ ಬೇಕು. ಆದರೆ ಬುಗುರಿಯ ಕೊನೆಯ ಸುಳಿ ತೆಗೆಯುವಾಗ ವೇಗ ಇಳಿಸು ಎಂದು ಮನಸ್ಸು ಅಂದುಕೊಳ್ಳುವ ಮೊದಲೇ ಪಾದ ಇಳಿಸಿರುತ್ತದೆ, ಆ ಹಿಡಿತ ನನಗೆ ಯಾವ ಸ್ವಿಚ್ಚಿನಲ್ಲೂ ಸಿಕ್ಕಿಲ್ಲ.

ಗುಜರಿಗೆ ಹೋದರೆ ಮೊದಲು ಸ್ಟ್ಯಾಂಡಿನ ಅಡ್ಡಪಟ್ಟಿ ಸೇರುವ ಮೂಲೆಗಳನ್ನು ಉಜ್ಜಿ ನೋಡಿ. ಬೀಡು ಬಿರುಕು ಬಿಟ್ಟಿದ್ದರೆ ಬೆಸುಗೆ ನೆಚ್ಚುವಂತಿಲ್ಲ, ಬಿಟ್ಟುಬಿಡಿ. ಪೆಡಲು ಮುರಿದಿದ್ದರೂ, ಬೆಲ್ಟ್ ಇಲ್ಲದಿದ್ದರೂ, ಮೇಲೆಲ್ಲ ತುಕ್ಕು ಹಿಡಿದಿದ್ದರೂ ಚಿಂತೆಯಿಲ್ಲ, ನಾಲ್ಕು ಕಾಲೂ ನೆಲಕ್ಕೆ ಸಮ ಕೂರುವ ಭಾರದ ಸ್ಟ್ಯಾಂಡನ್ನೇ ಆರಿಸಿಕೊಳ್ಳಿ.