ಬಿಸಿನೀರಿನ ಬುಗ್ಗೆಗೆ ಸೆನ್ಸರ್ ಇಟ್ಟು ಕಲಿತದ್ದು

ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಭೂಶಾಖದಿಂದ ವಿದ್ಯುತ್ ತೆಗೆಯುವ ಯೋಜನೆ ಬಂತು ಅಂದರೆ, ಬಾವಿ ಕೊರೆಯುವ ಮೊದಲೇ ಅಲ್ಲಿನ ಬುಗ್ಗೆ, ಕಪ್ಪೆ, ಹಕ್ಕಿಗಳ ಲೆಕ್ಕ ಬರೆದಿಡುವುದು ನನ್ನ ಕೆಲಸ. ಎಲ್ಲರೂ ಮೊದಲು ಕೇಳುವುದು "ಸ್ಥಾವರಕ್ಕೆ ಎಷ್ಟು ಎಕರೆ ಹೋಗುತ್ತೆ?" ಅಂತ. ಆ ಪ್ರಶ್ನೆಗೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಸೌರಫಲಕದ ಹೊಲಗಳಿಗೆ ಹೋಲಿಸಿದರೆ ಇದಕ್ಕೆ ಬೇಕಾದ ನೆಲ ಕಡಿಮೆಯೇ. ನನ್ನ ಚಿಂತೆಯೆಲ್ಲ ನೆಲದಡಿಯ ಒತ್ತಡದ್ದು.

ಇಲ್ಲಿನ ಹೊಸ ಸ್ಥಾವರಗಳಲ್ಲಿ ಹೆಚ್ಚಿನವು ಬೈನರಿ ಮಾದರಿಯವು. ಬಿಸಿನೀರನ್ನು ಮೇಲೆತ್ತುತ್ತಾರೆ. ಅದರ ಶಾಖದಿಂದ ಬೇಗ ಕುದಿಯುವ ಇನ್ನೊಂದು ದ್ರವವನ್ನು ಆವಿ ಮಾಡಿ ಟರ್ಬೈನ್ ತಿರುಗಿಸುತ್ತಾರೆ. ತಣ್ಣಗಾದ ನೀರನ್ನು ಮತ್ತೆ ನೆಲದೊಳಗೆ ಬಿಡುತ್ತಾರೆ. ಎತ್ತಿದ್ದು ವಾಪಸ್ ಹೋಯಿತಲ್ಲ, ಇನ್ನೇನು ಅಲ್ವಾ? ಆದರೆ ಎತ್ತುವ ಬಾವಿ ಒಂದು ಕಡೆ, ಬಿಡುವ ಬಾವಿ ಇನ್ನೊಂದು ಕಡೆ. ಹತ್ತಿರದಲ್ಲೇ ಬಿಟ್ಟರೆ ತಣ್ಣೀರು ಬೆರೆತು ಸ್ಥಾವರಕ್ಕೇ ನಷ್ಟ. ದೂರದಲ್ಲಿ ಬಿಟ್ಟರೆ ಎತ್ತುವ ಕಡೆ ಒತ್ತಡ ಇಳಿಯುತ್ತದೆ, ಬುಗ್ಗೆ ಉಕ್ಕುವುದೇ ಆ ಒತ್ತಡದಿಂದ. ಸುಮ್ನೆ ಹೆದರಿಸುತ್ತಿಲ್ಲ. ನೆವಾಡಾದ ಬಿಯೊವಾವಿಯಲ್ಲಿ ಒಂದು ಕಾಲಕ್ಕೆ ಬಿಸಿನೀರು ಚಿಮ್ಮುತ್ತಿತ್ತು, ಬಾವಿ ಕೊರೆದ ಮೇಲೆ ನಿಂತಿತು. ಜರ್ಸಿ ವ್ಯಾಲಿಯಲ್ಲೂ ಸ್ಥಾವರ ಶುರುವಾದ ಕೆಲವೇ ವರ್ಷಗಳಲ್ಲಿ ಬುಗ್ಗೆ ಬತ್ತಿತು.

ಇದರ ಪೆಟ್ಟು ಜೀವಿಗಳಿಗೆ ಹೇಗೆ ಬೀಳುತ್ತದೆ ಅನ್ನುವುದಕ್ಕೆ ನೆವಾಡಾದ ಡಿಕ್ಸಿ ವ್ಯಾಲಿ ಕಣಿವೆಯಲ್ಲಿರುವ ಡಿಕ್ಸಿ ಮೆಡೋಸ್‌ನ ನೆಲಗಪ್ಪೆ ನೋಡಿ. ಎರಡು ಇಂಚಿನ ಆಸುಪಾಸಿನ ಪ್ರಾಣಿ, ಮೈಮೇಲೆ ಚಿನ್ನದ ಬಣ್ಣದ ಚುಕ್ಕೆ. ಬೇರೆ ಜಾತಿ ಅಂತ ಗುರುತಿಸಿದ್ದೇ 2017ರಲ್ಲಿ. ಬುಗ್ಗೆಗಳ ನೀರು ಹರಡಿ ಆದ ಸುಮಾರು 760 ಎಕರೆ ಜೌಗು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. 2021ರ ನವೆಂಬರ್‌ನಲ್ಲಿ ಅಲ್ಲಿ ಸ್ಥಾವರಕ್ಕೆ ಅನುಮತಿ ಸಿಕ್ಕಿತು. ಆ ಬುಗ್ಗೆಗಳನ್ನು ಪವಿತ್ರ ಅಂತ ನಂಬುವ ಫಾಲನ್ ಪಾಯೂಟ್-ಶೋಶೋನ್ ಬುಡಕಟ್ಟಿನವರು ಕೋರ್ಟಿಗೆ ಹೋದರು. 2022ರ ಏಪ್ರಿಲ್‌ನಲ್ಲಿ ಕಪ್ಪೆಯನ್ನು ತುರ್ತಾಗಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು, ಡಿಸೆಂಬರ್‌ನಲ್ಲಿ ಅದು ಖಾಯಂ ಆಯಿತು. 60 ಮೆಗಾವಾಟ್‌ನ ಯೋಜನೆ 12ಕ್ಕೆ ಇಳಿಯಿತು.

ಆ ಕಪ್ಪೆಗೆ ನೀರು ಮಾತ್ರ ಸಾಲದು, ಬಿಸಿಯೂ ಬೇಕು. ಚಳಿಗಾಲದಲ್ಲಿ ಅದು ಅಡಗಿ ಕೂರುವುದು ಬೆಚ್ಚಗಿನ ಜಾಗದ ಹತ್ತಿರ. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಎಂಬ ಶಿಲೀಂಧ್ರಕ್ಕೆ ಹೆಚ್ಚು ಬಿಸಿ ಆಗಿಬರುವುದಿಲ್ಲ. ಬುಗ್ಗೆ ಸ್ವಲ್ಪ ತಣ್ಣಗಾದರೂ ಆ ರಕ್ಷಣೆ ಸಡಿಲಾಗುತ್ತದೆ.

ಹಾಗಾಗಿ ಯಾವ ಕಣಿವೆಗೆ ಹೋದರೂ ನಾನು ಮೊದಲು ಮಾಡುವುದು ತಾಪ ಅಳೆಯುವ ಸೆನ್ಸರ್ ಇಡುವುದು. ಒಂದು ಬುಗ್ಗೆಯ ಬಾಯಲ್ಲೇ, ಉಳಿದವು ನೀರು ಹರಿದು ಹೋಗುವ ದಾರಿಯುದ್ದಕ್ಕೂ. ತೂತು ಕೊರೆದ ಬಿಳಿ ಪಿವಿಸಿ ಕೊಳವೆಯೊಳಗೆ ಕೂರಿಸಿ ಕಬ್ಬಿಣದ ಸರಳಿಗೆ ತಂತಿಯಿಂದ ಬಿಗಿಯುತ್ತೇನೆ. ಬರಿದೇ ಬಿಟ್ಟರೆ ಬಿಸಿಲು ಬಿದ್ದು ಸುಳ್ಳು ಹೇಳುತ್ತದೆ. ನೀರಿನ ಮಟ್ಟಕ್ಕೆ ಒತ್ತಡದ ಸೆನ್ಸರ್. ಅದರ ಜೊತೆ ಗಾಳಿಯಲ್ಲೂ ಒಂದನ್ನು ನೇತುಹಾಕಲೇಬೇಕು. ಯಾಕೆಂದರೆ ನೀರೊಳಗಿನದು ಗಾಳಿಯ ಒತ್ತಡವನ್ನೂ ಸೇರಿಸಿ ತೋರಿಸುತ್ತದೆ. ಕಳೆಯದಿದ್ದರೆ, ಹವೆ ಬದಲಾದಾಗಲೆಲ್ಲ ಬುಗ್ಗೆ ಏರಿಳಿದಂತೆ ಕಾಣುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಹೋಲಿಕೆಯ ಬುಗ್ಗೆ. ಅದೇ ಕಣಿವೆಯಲ್ಲಿ ಆಳದ ಬಿಸಿನೀರಿಗೆ ಸಂಬಂಧವಿಲ್ಲದ ತಣ್ಣೀರಿನ ಬುಗ್ಗೆಯೊಂದನ್ನು ಹುಡುಕಿ ಅದನ್ನೂ ಅಳೆಯುತ್ತೇನೆ. ಬರ ಬಂದರೆ ಎರಡೂ ಇಳಿಯುತ್ತವೆ. ಬಿಸಿನೀರಿನದು ಮಾತ್ರ ಇಳಿದರೆ ಕಣ್ಣು ಸ್ಥಾವರದ ಕಡೆ ಹೋಗುತ್ತದೆ. ಭೂಕಂಪವೂ ಬುಗ್ಗೆಗಳನ್ನು ಅಲುಗಿಸಬಲ್ಲದು. ಡಿಕ್ಸಿ ವ್ಯಾಲಿಯೇ 1954ರ ಡಿಸೆಂಬರ್‌ನಲ್ಲಿ ಜೋರಾಗಿ ನಡುಗಿದ ಕಣಿವೆ. ಹೀಗಾಗಿ ಹತ್ತಿರದ ಕಂಪನದ ದಾಖಲೆಯನ್ನೂ ಅಳತೆಯ ಪಕ್ಕದಲ್ಲೇ ಬರೆದಿಡುತ್ತೇನೆ.

ಕಪ್ಪೆ ಹುಡುಕುವುದು ರಾತ್ರಿ, ಹಣೆಗೆ ದೀಪ ಕಟ್ಟಿಕೊಂಡು. ಹೋಗುವ ಮುಂಚೆ ಬೂಟು, ಬಲೆ ಎಲ್ಲಕ್ಕೂ ಬ್ಲೀಚ್ ನೀರು. ಒಂದೊಂದು ಕಪ್ಪೆಗೂ ಹೊಸ ಕೈಗವಸು. ಹೊಟ್ಟೆ, ತೊಡೆ, ಕಾಲ್ಬೆರಳಿನ ಪೊರೆಗೆ ಹತ್ತಿಕಡ್ಡಿ ಉಜ್ಜಿ ಶಿಲೀಂಧ್ರದ ಪರೀಕ್ಷೆಗೆ ಕಳಿಸುತ್ತೇವೆ. ರೋಗ ಹುಡುಕಲು ಹೋದವರೇ ಅಂಟಿಸಿ ಬಂದರೆ ಹೇಗೆ?

ಹಕ್ಕಿಗಳ ಕೆಲಸ ಬೇರೆ ಥರದ್ದು. ಸೇಜ್ ಗ್ರೌಸ್ ಎಂಬ ನೆಲಹಕ್ಕಿಯ ಗಂಡುಗಳು ವಸಂತದ ನಸುಕಿನಲ್ಲಿ ಒಂದೇ ಬಯಲಿಗೆ ಬಂದು ಎದೆಯ ಚೀಲ ಉಬ್ಬಿಸಿ ಕುಣಿಯುತ್ತವೆ. ದೂರದಲ್ಲಿ ಕಾರಿನೊಳಗೇ ಕೂತು ಎಣಿಸಬೇಕು. ಮರುಭೂಮಿಯಲ್ಲಿ ನೀರು ಉಳಿಸಲು ಸ್ಥಾವರಗಳು ದೊಡ್ಡ ಫ್ಯಾನ್‌ಗಳಿಂದ ತಂಪು ಮಾಡಿಕೊಳ್ಳುತ್ತವೆ. ಅದು ಒಳ್ಳೆಯದೇ, ಆದರೆ ಹೆಣ್ಣನ್ನು ಕರೆಯುವ ಆ ಗಂಡುಗಳ ದನಿ ತುಂಬಾ ತಗ್ಗಿನದು, ಫ್ಯಾನಿನ ಗುಂಯ್ ಶಬ್ದ ಅದನ್ನು ನುಂಗಿಬಿಡುತ್ತದೆ. ಇನ್ನು ಕರೆಂಟು ಕಂಬಗಳು. ಮರವೇ ಇಲ್ಲದ ಬಯಲಲ್ಲಿ ಕಂಬ ನಿಂತರೆ ರೇವನ್ ಕಾಗೆ ಅದರ ಮೇಲೆ ಕೂತು ಗೂಡುಗಳನ್ನು ಹುಡುಕಿ ಮೊಟ್ಟೆ ತಿನ್ನುತ್ತದೆ.

ವರದಿ ಬರೆಯುವಾಗ ನಾನು ಹಟ ಹಿಡಿಯುವುದು ಒಂದಕ್ಕೆ. ತಾಪ ಎಷ್ಟು ಇಳಿದರೆ, ಹರಿವು ಎಷ್ಟು ಕುಗ್ಗಿದರೆ ಪಂಪ್ ನಿಲ್ಲಿಸಬೇಕು ಅನ್ನುವ ಅಂಕಿ ಅನುಮತಿ ಪತ್ರದಲ್ಲೇ ಇರಬೇಕು. "ಗಮನಿಸುತ್ತಿರುತ್ತೇವೆ, ಅಗತ್ಯ ಬಿದ್ದರೆ ಕ್ರಮ ಕೈಗೊಳ್ಳುತ್ತೇವೆ" ಅನ್ನುವ ಸಾಲಿಗೆ ನಾನು ಸಹಿ ಹಾಕುವುದಿಲ್ಲ. ಪಂಪ್ ನಿಲ್ಲಿಸಿದ ಕೂಡಲೇ ನೆಲದಡಿಯ ಒತ್ತಡ ಮರಳುವುದಿಲ್ಲ. ಅಷ್ಟರಲ್ಲಿ ಮರಿಗಪ್ಪೆಗಳ ಹೊಂಡ ಒಣಗಿಹೋಗಿರುತ್ತದೆ. ಅದಕ್ಕೇ ಆ ಅಂಕಿಯನ್ನು, ಕಪ್ಪೆಗೆ ತೊಂದರೆ ಶುರುವಾಗುವ ಮಟ್ಟಕ್ಕಿಂತ ಸಾಕಷ್ಟು ಮೊದಲೇ ಇಡಿ ಅಂತ ಕೇಳುತ್ತೇನೆ. ಸ್ಥಾವರದವರು ಜಗ್ಗಾಡುವುದೂ ಇದೊಂದರ ಮೇಲೆಯೇ.