ಒಪ್ಪಿಗೆ ಸಿಕ್ಕಿದ್ದು ಲೈನ್ ಪಕ್ಕದಲ್ಲಿ

ನಾನು ಕಾರ್ಖಾನೆಯ ಮೆಂಟೆನೆನ್ಸ್‌ನವನು. ಯಂತ್ರ ಕೆಟ್ಟಾಗ ಎಲ್ಲರಿಗೂ ಬೇಕು, ಕೆಡದ ಹಾಗೆ ನೋಡಿಕೊಳ್ಳೋಣ ಅಂದರೆ ಯಾರಿಗೂ ಬೇಡ. ವಾರಕ್ಕೆ ಎರಡು ಗಂಟೆ ಪ್ರೊಡಕ್ಷನ್ ಲೈನ್ ನಿಲ್ಲಿಸಿ ಬೇರಿಂಗ್ ಪರೀಕ್ಷಿಸಿ ಗ್ರೀಸ್ ಹಾಕಬೇಕು ಅನ್ನುವುದು ನನ್ನ ಬೇಡಿಕೆಯಾಗಿತ್ತು. 32 ಸ್ಲೈಡ್ ಹಿಡಿದು ಮೀಟಿಂಗಿಗೆ ಹೋದೆ. ಮೂರನೆಯದಕ್ಕೇ ಪ್ರೊಡಕ್ಷನ್ ಮುಖ್ಯಸ್ಥರು ‘ತಿಂಗಳ ಕೊನೆ, ಈಗಾಗಲ್ಲ’ ಅಂದರು. ನಾನು ಬಿಡಲಿಲ್ಲ. ಅವರ ಲೆಕ್ಕದಲ್ಲಿದ್ದ ತಪ್ಪನ್ನು ಎಲ್ಲರೆದುರು ಎತ್ತಿ ತೋರಿಸಿದೆ. ತಪ್ಪಿದ್ದದ್ದು ನಿಜ. ಆದರೆ ಆಮೇಲೆ ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಸಿಟ್ಟು ಇಳಿದ ಮೇಲೆ ಸ್ಲೈಡುಗಳನ್ನು ಮತ್ತೆ ನೋಡಿದೆ. ಮ್ಯಾನುಯಲ್‌ನಲ್ಲಿದೆ, ಆಡಿಟ್‌ನವರು ಕೇಳುತ್ತಾರೆ... ಕಾರಣಗಳೆಲ್ಲ ನನ್ನವೇ! ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಜೆರಾಕ್ಸ್ ಯಂತ್ರದ ಪ್ರಯೋಗ ನೆನಪಾಯಿತು. ಐದು ಪುಟ ತೆಗೆಯಬೇಕು, ಸ್ವಲ್ಪ ಮುಂದೆ ಬಿಡಿ ಅಂತ ಕೇಳಿದಾಗ ‘ಕಾಪಿ ತೆಗೆಯಬೇಕಲ್ಲ, ಅದಕ್ಕೆ’ ಅನ್ನುವ ಪೊಳ್ಳು ಕಾರಣಕ್ಕೂ 93% ಜನ ಬಿಟ್ಟರು. 20 ಪುಟ ಅಂದಾಗ ಪೊಳ್ಳು ಕಾರಣಕ್ಕೆ 24%, ನಿಜವಾದ ಕಾರಣಕ್ಕೆ 42%. ನಾನು ಕೇಳುತ್ತಿದ್ದದ್ದು ಇಪ್ಪತ್ತು ಪುಟದ ಉಪಕಾರ, ಕೊಡುತ್ತಿದ್ದದ್ದು ಐದು ಪುಟದ ಕಾರಣ.

ಮರುವಾರ ಮುಖ್ಯಸ್ಥರ ಹತ್ತಿರ ಹೋಗಲೇ ಇಲ್ಲ. ಶಿಫ್ಟ್ ಸೂಪರ್‌ವೈಸರ್ ಜೊತೆ ಲೈನ್ ಪಕ್ಕ ನಿಂತು, ‘ನಿಲ್ಲಿಸಿದರೆ ನಿಮಗೇನು ತೊಂದರೆ ಆಗುತ್ತೆ ಸರ್?’ ಅಂತ ಕೇಳಿ ಬಾಯಿ ಮುಚ್ಚಿಕೊಂಡೆ. ನನ್ನ ಮಟ್ಟಿಗೆ ಕಷ್ಟವಾದದ್ದು ಈ ಬಾಯಿ ಮುಚ್ಚಿಕೊಳ್ಳುವ ಭಾಗವೇ. ಸ್ವಲ್ಪ ಹೊತ್ತಾದ ಮೇಲೆ ಅವರು, ‘ನೀವು ಎರಡು ಗಂಟೆ ಅಂತೀರಿ, ನಾಲ್ಕಾಗುತ್ತೆ. ಮತ್ತೆ ಶುರು ಮಾಡಿದರೆ ಮೊದಲರ್ಧ ಗಂಟೆಯ ಮಾಲು ರಿಜೆಕ್ಟ್. ಬೈಸಿಕೊಳ್ಳೋನು ನಾನು’ ಅಂದರು. ಇವೆರಡೂ ನನ್ನ 32 ಸ್ಲೈಡಲ್ಲಿ ಇರಲಿಲ್ಲ. ನಮ್ಮ ಕೆಲಸ ಹೇಳಿದ ಹೊತ್ತಿಗೆ ಮುಗಿಯುವುದಿಲ್ಲ ಅನ್ನುವುದೂ ಸುಳ್ಳಲ್ಲ.

‘ತಯಾರಿಸೋ ಮಾಡೆಲ್ ಬದಲಾಯಿಸೋಕೆ ಹೇಗೂ ಲೈನ್ ನಿಲ್ಲಿಸ್ತೀವಿ, ಆಗ ಮಾಡ್ಕೊಳ್ಳಿ’ ಅಂದವರು ಅವರೇ. ನಾನು ಬೇಡಿಕೆ ಕುಗ್ಗಿಸಿದೆ: ಒಂದೇ ಯಂತ್ರ, 40 ನಿಮಿಷ, ನಾಲ್ಕು ವಾರ. ಸಮಯ ಮುಗಿದರೆ ಉಳಿದದ್ದು ಉಳಿಯಲಿ, ಕವರ್ ಮುಚ್ಚಿ ಹೊರಡುತ್ತೇವೆ ಅಂದೆ. ಎರಡನೇ ವಾರ ಒಂದು ಬೇರಿಂಗ್ ಬಾಕಿ ಇರುವಾಗಲೇ ಸಮಯ ಮುಗಿಯಿತು. ಇನ್ನು ಐದೇ ನಿಮಿಷ ಅಂತ ನಮ್ಮ ಹುಡುಗರು ಗೊಣಗಿದರೂ ಎಬ್ಬಿಸಿದೆ. ಸೂಪರ್‌ವೈಸರ್ ಗಡಿಯಾರ ನೋಡಿದರು, ನನ್ನನ್ನೂ ನೋಡಿದರು. ಮುಂದಿನ ಬಾರಿ ಅವರೇ ತಮ್ಮ ಒಬ್ಬ ಹೆಲ್ಪರ್‌ನನ್ನು ಕಳಿಸಿಕೊಟ್ಟರು.

ತಿಂಗಳ ಮೀಟಿಂಗಿನಲ್ಲಿ ಈ ವಿಷಯ ಎತ್ತಿದ್ದು ನಾನಲ್ಲ, ಅವರು. ತಮ್ಮದೇ ಯೋಜನೆ ಅನ್ನುವ ಧಾಟಿಯಲ್ಲಿ ವಿವರಿಸಿದರು, ಮುಖ್ಯಸ್ಥರು ಒಪ್ಪಿದರು. ನನಗೆ ಒಳಗೊಳಗೇ ಚುರುಕ್ ಅಂದಿತು. ಆದರೆ ಯೋಚಿಸಿದರೆ ಅರ್ಧ ಅವರದ್ದೇ ತಾನೇ!

ಈಗ ಎರಡನೇ ಲೈನಿನವರನ್ನು ಒಪ್ಪಿಸಬೇಕು. ಅಲ್ಲಿ ಸಮಯದ ಭಯವಿಲ್ಲ, ಬೇರೇನೋ ಇದೆ. ಎರಡು ಸಲ ಹೋಗಿ ನಿಂತು ಬಂದಿದ್ದೇನೆ, ಅವರಿನ್ನೂ ಬಾಯಿ ಬಿಟ್ಟಿಲ್ಲ.