ಸ್ಟೇರಿಂಗ್ ಕೊಡುವ ಮೊದಲು ಮೂರು ದಿನ

ಸಕಲೇಶಪುರದಲ್ಲಿ ಡ್ರೈವಿಂಗ್ ಕಲಿಸಲು ಶುರು ಮಾಡಿ ನನಗೆ ಹತ್ತೊಂಬತ್ತು ವರ್ಷವಾಯಿತು. ಮೊದಲ ನಾಲ್ಕು ವರ್ಷ ಟೆಸ್ಟ್ ಪಾಸಾಗಲು ಎಷ್ಟು ಬೇಕೋ ಅಷ್ಟನ್ನೇ ಕಲಿಸಿದೆ. ಹಾಫ್ ಕ್ಲಚ್, ಗೇರು, ರಿವರ್ಸ್, ಏರಿನಲ್ಲಿ ಹಿಂದಕ್ಕೆ ಜಾರದಂತೆ ಗಾಡಿ ಎತ್ತುವುದು. ನನ್ನ ಹತ್ತಿರ ಕಲಿತ ಹುಡುಗರು ಇನ್‌ಸ್ಪೆಕ್ಟರ್ ಮುಂದೆ ಅಳುಕದೆ ಓಡಿಸುತ್ತಿದ್ದರು. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಐದನೇ ವರ್ಷ ಒಬ್ಬ ಹುಡುಗ ಬಂದ. ಚುರುಕು. ಎಂಟೇ ದಿನಕ್ಕೆ ಗೇರು ಅವನ ಕೈಗೆ ಕೂತುಬಿಟ್ಟಿತು. ಡಿಎಲ್ ಸಿಕ್ಕಿ ತಿಂಗಳೊಪ್ಪತ್ತು ಆಗಿರಬಹುದು, ಆನೆಮಹಲ್ ಕಡೆಯಿಂದ ಬರುವಾಗ, ನಿಂತಿದ್ದ ಬಸ್ಸನ್ನು ಓವರ್‌ಟೇಕ್ ಮಾಡಿದ್ದಾನೆ. ಬಸ್ಸಿಂದ ಇಳಿದ ಮಗುವೊಂದು ಬಸ್ಸಿನ ಮುಂದಿನಿಂದ ರಸ್ತೆ ದಾಟಿತು. ಮಗು ಬದುಕಿತು, ಆದರೆ ತೊಡೆ ಮೂಳೆ ಮುರಿದು ಮೂರು ತಿಂಗಳು ಮಲಗಿತ್ತು. ಆಸ್ಪತ್ರೆಯ ಜಗಲಿಯಲ್ಲಿ ಹುಡುಗ ನಡುಗುತ್ತಾ ಕೂತಿದ್ದ. "ಏನು ನೋಡಿದ್ಯಪ್ಪಾ?" ಅಂದೆ. "ರಸ್ತೆ ಖಾಲಿ ಇತ್ತು ಸರ್. ಬಸ್ಸು ಮಾತ್ರ ನಿಂತಿತ್ತು" ಅಂದ.

ಅವನು ಸುಳ್ಳು ಹೇಳಲಿಲ್ಲ. ಅವನ ಕಣ್ಣಿಗೆ ರಸ್ತೆ ಖಾಲಿಯೇ ಇತ್ತು. ನಿಂತ ಬಸ್ಸು ಕಂಡರೆ ಅದರ ಮುಂದೆ ಯಾರೋ ಇದ್ದಾರೆ ಎಂದೇ ತಿಳಿಯಬೇಕು, ಬಸ್ಸಿನ ಅಡಿಯಲ್ಲಿ ಕಾಲುಗಳು ಕಾಣುತ್ತವೆಯೇ ಎಂದು ಬಗ್ಗಿಸಿ ನೋಡಬೇಕು ಅಂತ ನಾನು ಅವನಿಗೆ ಒಂದು ದಿನವೂ ಹೇಳಿಕೊಟ್ಟಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೈಕಾಲಿಗೆ ಕಲಿಸಿದ್ದೆ, ಕಣ್ಣಿಗೆ ಕಲಿಸಿರಲಿಲ್ಲ.

ಅಲ್ಲಿಂದೀಚೆಗೆ ಯಾರೇ ಬರಲಿ, ಮೊದಲ ಮೂರು ದಿನ ಸ್ಟೇರಿಂಗ್ ಕೊಡುವುದಿಲ್ಲ. ಎಡಗಡೆ ಸೀಟಿನಲ್ಲಿ ಕೂರಿಸುತ್ತೇನೆ, ಓಡಿಸುವವನು ನಾನು. ಅವರು ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಮೊದಲ ದಿನ ಎಲ್ಲರೂ ಹೇಳುವುದು ಒಂದೇ ತರ: "ಲಾರಿ, ಬೈಕು, ಅಂಗಡಿ." ಎರಡನೇ ದಿನ ನಾನು ಕೆದಕುತ್ತೇನೆ. ಆ ಆಟೋದ ಮುಂದಿನ ಚಕ್ರ ಎತ್ತ ತಿರುಗಿದೆ? ಗೇಟಿನ ಹತ್ತಿರ ಚೆಂಡು ಬಿದ್ದಿದೆ, ಚೆಂಡಿನ ಹಿಂದೆ ಯಾರು ಬರುತ್ತಾರೆ? ಬೈಕಿನವನು ಕತ್ತು ಓರೆ ಮಾಡಿದ್ದಾನೆ, ಫೋನು ಹೆಗಲಿಗೆ ಒತ್ತಿಕೊಂಡಿದ್ದಾನಾ? ಮೂರನೇ ದಿನಕ್ಕೆ ಹೇಮಾವತಿ ಸೇತುವೆ ದಾಟುವಷ್ಟರಲ್ಲಿ ಅವರ ಬಾಯಿಂದಲೇ ಬರುತ್ತದೆ: "ಸರ್, ಆ ಅಜ್ಜಿ ದಾಟ್ತಾರೆ." ಅಜ್ಜಿ ಇನ್ನೂ ಹೆಜ್ಜೆ ಎತ್ತಿರುವುದಿಲ್ಲ. ಆಮೇಲೆ ಬೀಗದಕೈ ಕೊಡುತ್ತೇನೆ.

ಇದಕ್ಕೆ ಬೇಜಾರು ಮಾಡಿಕೊಂಡು ಬೇರೆ ಕಡೆ ಹೋದವರೂ ಇದ್ದಾರೆ. ಡ್ರೈವಿಂಗ್ ಸ್ಕೂಲಿನಲ್ಲಿ ಲಘು ವಾಹನಕ್ಕೆ ಕನಿಷ್ಠ 21 ದಿನದ ತರಬೇತಿ, ಅದರಲ್ಲಿ ಕನಿಷ್ಠ 10 ಗಂಟೆ ಗಾಡಿ ಓಡಿಸಿರಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಆದರೂ "ವಾರದಲ್ಲಿ ಮುಗಿಸಿ, ಉಳಿದಿದ್ದು ರೋಡಲ್ಲಿ ಕಲೀತಾನೆ" ಎನ್ನುವ ಅಪ್ಪಂದಿರಿಗೆ ಕೊರತೆಯಿಲ್ಲ. ರೋಡಿನಲ್ಲಿ ಕಲಿಯುವುದಕ್ಕೆ ಯಾರ ಮಗುವಿನ ಕಾಲು ಬೇಕು ಅಂತ ಅವರನ್ನು ನೇರವಾಗಿಯೇ ಕೇಳುತ್ತೇನೆ. ಹದಿನಾರರ ಮಗನನ್ನು ಕರೆತರುವವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ತೋರಿಸುತ್ತೇನೆ: ಅಪ್ರಾಪ್ತರು ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಅದನ್ನು ಓದಿದ ಮೇಲೆ ಹೆಚ್ಚಿನವರು ಮಾತಾಡದೆ ಎದ್ದು ಹೋಗುತ್ತಾರೆ.

ವೇಗದ ಪಾಠಕ್ಕೆ ಕಾರು ಓಡಿಸುವುದೇ ಬೇಡ. ಖಾಲಿ ಜಾಗದಲ್ಲಿ ನಿಲ್ಲಿಸಿ, ಬಂಪರ್‌ನಿಂದ ಇಪ್ಪತ್ತೆರಡು ಹೆಜ್ಜೆ ನಡೆಸುತ್ತೇನೆ. ಅಲ್ಲಿ ನಿಂತು ತಿರುಗಿ ನೋಡು ಅನ್ನುತ್ತೇನೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ, ಅಂದರೆ ಈಗ ನಡೆದಷ್ಟು ದೂರ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಇಷ್ಟು ದೂರ ಕಳೆದುಹೋಗಿರುತ್ತದೆ, ಬ್ರೇಕು ಹಿಡಿಯುವುದು ಆಮೇಲೆ. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಲೆಕ್ಕ ಹೇಳಿದರೆ ಮರೆಯುತ್ತಾರೆ. ಹೆಜ್ಜೆ ಹಾಕಿದವರು ಮರೆತಿದ್ದನ್ನು ನಾನು ಕಂಡಿಲ್ಲ.

ನಮ್ಮೂರಲ್ಲಿ ಕಲಿತ ಮೇಲೆ ಘಾಟಿ ಇಳಿಯದೆ ವಿಧಿಯಿಲ್ಲ. ಮಾರನಹಳ್ಳಿ ದಾಟಿದರೆ ಶಿರಾಡಿ ಶುರು, ಗುಂಡ್ಯದವರೆಗೂ ಇಳಿಜಾರು, ಮುಂದೆ ಲೋಡ್ ಲಾರಿ, ಹಿಂದೆ ಟ್ಯಾಂಕರ್. ಇಲ್ಲಿ ನಾನು ತುಂಬಾ ಸಮಯ ಕೊಡುತ್ತೇನೆ. ಮೊದಲು ಒಂದು ಸಣ್ಣ ಇಳಿಜಾರನ್ನು ಮೂರನೇ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಸುತ್ತೇನೆ. ಕೆಳಗೆ ಪಕ್ಕಕ್ಕೆ ಹಾಕಿ, ಮುಂದಿನ ಚಕ್ರದ ಹತ್ತಿರ ಅಂಗೈ ಹಿಡಿಸುತ್ತೇನೆ. ಮುಟ್ಟಬಾರದು, ಗೇಣು ದೂರ ಸಾಕು. ಒಲೆಯ ಮುಂದೆ ಕೈ ಹಿಡಿದಂತೆ ಕಾವು ಬಡಿಯುತ್ತದೆ, ಬ್ರೇಕ್ ಲೈನರ್ ಕಾದ ವಾಸನೆಯೂ ಬಂದಿರುತ್ತದೆ. ಚಕ್ರ ಪೂರ್ತಿ ಆರಿದ ಮೇಲೆ ಮೇಲಕ್ಕೆ ಹೋಗಿ ಅದೇ ಇಳಿಜಾರನ್ನು ಎರಡನೇ ಗೇರಿನಲ್ಲಿ, ಬೇಕಾದಲ್ಲಿ ಮಾತ್ರ ಬ್ರೇಕ್ ತುಳಿದು ಇಳಿಸುತ್ತೇನೆ. ಈ ಸಲ ಕೈಗೆ ಅಷ್ಟು ಕಾವಿಲ್ಲ. ಹತ್ತಿದ ಗೇರಿನಲ್ಲೇ ಇಳಿ ಎನ್ನುವ ಹಳೇ ಲಾರಿ ಡ್ರೈವರ್‌ಗಳ ಮಾತಿನ ಅರ್ಥ ಆಗ ಅವರ ಅಂಗೈಗೇ ಗೊತ್ತಾಗುತ್ತದೆ. ಹೀಗೆ ಕಾದು ಕಾದು ಬ್ರೇಕು ಹಿಡಿತ ಬಿಟ್ಟಾಗಲೇ ಘಾಟಿಯಲ್ಲಿ "ಬ್ರೇಕ್ ಫೇಲ್" ಎನ್ನುವ ಸುದ್ದಿ ಬರುವುದು.

ನ್ಯೂಟ್ರಲ್‌ನಲ್ಲಿ ಇಳಿಸಿದರೆ ಎಣ್ಣೆ ಉಳಿಯುತ್ತದೆ ಎನ್ನುವ ನಂಬಿಕೆಯನ್ನು ಬಿಡಿಸುವುದು ಇದಕ್ಕಿಂತ ಕಷ್ಟ. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನದ ಪೂರೈಕೆಯೇ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಿರಲು ಅದು ಎಣ್ಣೆ ಕುಡಿಯುತ್ತಲೇ ಇರಬೇಕು. ಇನ್ನು ಎಂಜಿನ್ನನ್ನೇ ಆಫ್ ಮಾಡುವವರಿದ್ದಾರೆ. ಆಗ ನಾಲ್ಕು ಸಲ ತುಳಿಯುವಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಾಗುತ್ತದೆ, ಸ್ಟೇರಿಂಗ್ ಬಿಗಿಯುತ್ತದೆ. ನಿಂತ ಕಾರಿನಲ್ಲಿ ಇದನ್ನೂ ತುಳಿಸಿ ತೋರಿಸುತ್ತೇನೆ.

ಬೆಲ್ಟಿನ ವಿಷಯಕ್ಕೆ ಒಂದೇ ಮಾತು. 2022ರಲ್ಲಿ ದೇಶದಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಮಂದಿ, ಹೆಚ್ಚುಕಡಿಮೆ ಅರ್ಧದಷ್ಟು ಜನ ಓಡಿಸುತ್ತಿದ್ದವರಲ್ಲ, ಜೊತೆಗೆ ಕೂತವರು. ಹಿಂದಿನ ಸೀಟಿನವರು ಬೆಲ್ಟ್ ಹಾಕುವವರೆಗೂ ನಾನು ಸ್ಟಾರ್ಟ್ ಮಾಡಲು ಬಿಡುವುದಿಲ್ಲ.

ಮಳೆಗಾಲದಲ್ಲಿ ಬೇರೆಯವರು ಕ್ಲಾಸು ಕಡಿಮೆ ಮಾಡುತ್ತಾರೆ, ನಾನು ಜಾಸ್ತಿ ಮಾಡುತ್ತೇನೆ. ಹೋದ ಜುಲೈನಲ್ಲಿ ಪ್ರೈಮರಿ ಶಾಲೆಯ ಟೀಚರೊಬ್ಬರು ಕಲಿಯುತ್ತಿದ್ದರು. ಕ್ಲಚ್ಚಿನಲ್ಲಿ ನಿಧಾನ, ಇಪ್ಪತ್ತನೇ ದಿನವೂ ಏರಿನಲ್ಲಿ ಒಮ್ಮೊಮ್ಮೆ ಗಾಡಿ ಆಫ್ ಆಗುತ್ತಿತ್ತು. ದೋಣಿಗಾಲ್ ಹತ್ತಿರ ಏಕಾಏಕಿ ಮಳೆ ಸುರಿಯಿತು. ವೈಪರ್ ಜೋರಾಗಿ ಹಾಕಿದರೂ ಮುಂದಿನ ಲಾರಿಯ ಕೆಂಪು ದೀಪ ಕಂಡೂ ಕಾಣದಂತೆ ಇತ್ತು. ನಾನು ಬಾಯಿ ತೆರೆಯಲಿಲ್ಲ, ಕಾಲನ್ನು ಮಾತ್ರ ನನ್ನ ಕಡೆಯ ಬ್ರೇಕಿನ ಮೇಲೆ ಇಟ್ಟುಕೊಂಡಿದ್ದೆ. ಅವರು ಕನ್ನಡಿ ನೋಡಿದರು, ಇಂಡಿಕೇಟರ್ ಹಾಕಿದರು, ವೇಗ ಇಳಿಸಿ, ರಸ್ತೆಯಿಂದ ಪೂರ್ತಿ ಕೆಳಗಿಳಿದು ಒಂದು ಹೋಟೆಲಿನ ಮುಂದೆ ನಿಲ್ಲಿಸಿದರು.

"ಏನೂ ಕಾಣ್ತಿಲ್ಲ ಸರ್, ಸ್ವಲ್ಪ ಹೊತ್ತು ಕಾಯೋಣ" ಅಂದರು. ಹಿಂದಿನಿಂದ ಎರಡು ಕಾರು ಹಾರ್ನ್ ಹೊಡೆದುಕೊಂಡು ದಾಟಿ ಹೋದವು. ಅವರು ಆ ಕಡೆ ತಿರುಗಿಯೂ ನೋಡಲಿಲ್ಲ. ಇಪ್ಪತ್ತು ನಿಮಿಷ ಕೂತೆವು, ಕಾಫಿ ಕುಡಿದೆವು. ಸ್ಕೂಲಿಗೆ ವಾಪಸು ಬಂದ ತಕ್ಷಣ ಅವರ ಫಾರಂ 5ಕ್ಕೆ, ಅಂದರೆ ತರಬೇತಿ ಮುಗಿಸಿದ್ದಾರೆ ಎಂದು ಸ್ಕೂಲು ಕೊಡುವ ಸರ್ಟಿಫಿಕೇಟಿಗೆ, ಸಹಿ ಹಾಕಿದೆ.